ರಕ್ತಕ್ಕೂ ಮಿದುಳಿನ ನೀರಿಗೂ ನಡುವೆ

ಹಾಸನದ ಮಾಂಸದಂಗಡಿಯಿಂದ ತಂದ ಕುರಿಯ ಮಿದುಳನ್ನು ಪಿಯುಸಿ ವಿದ್ಯಾರ್ಥಿಗಳೆದುರು ಸೀಳಿ ತೋರಿಸುವುದು ಜೀವಶಾಸ್ತ್ರ ಕಲಿಸುವ ನನ್ನ ಹಳೆಯ ರೂಢಿ. ಎರಡು ಹೋಳುಗಳನ್ನು ಬಿಡಿಸಿ ಒಳಗಿನ ಪೊಳ್ಳನ್ನು ತೆರೆದರೆ, ಅಲ್ಲಿ ಸೆರಗಿನ ಕುಚ್ಚಿನಂತಹ, ಸುಕ್ಕುಸುಕ್ಕಾದ ಕಂದುಗೆಂಪು ಎಳೆಯೊಂದು ಅಂಟಿಕೊಂಡಿರುತ್ತದೆ. ನೀರು ತುಂಬಿದ ತಟ್ಟೆಗೆ ಹಾಕಿದಾಗ ಅದು ಬಿಚ್ಚಿಕೊಂಡು ತೇಲುತ್ತದೆ. ಹೆಪ್ಪುಗಟ್ಟಿದ ರಕ್ತವಿರಬೇಕೆಂದು ಮಕ್ಕಳು ಅದನ್ನು ಚಿಮಟದಿಂದ ಕಿತ್ತು ಬಿಸಾಡಲು ಹೊರಡುತ್ತಾರೆ. ಅದರ ಹೆಸರು ಕೊರಾಯ್ಡ್ ಪ್ಲೆಕ್ಸಸ್. ನಮ್ಮ ಮಿದುಳಿನ ನಾಲ್ಕು ಕುಹರಗಳಲ್ಲಿಯೂ ಇದೆ.

ಮಿದುಳು ಮತ್ತು ಬೆನ್ನುಹುರಿಯ ಸುತ್ತ ತುಂಬಿಕೊಂಡಿರುವ ತಿಳಿನೀರಿನಂತಹ ದ್ರವದ ಬಹುಪಾಲು ಹುಟ್ಟುವುದು ಈ ಕುಚ್ಚಿನಲ್ಲಿ. ವಯಸ್ಕರಲ್ಲಿ ಒಮ್ಮೆಗೆ ಇರುವ ದ್ರವ ಸುಮಾರು 150 ಮಿಲಿಲೀಟರ್, ದಿನವೊಂದಕ್ಕೆ ತಯಾರಾಗುವುದು ಸುಮಾರು 500 ಮಿಲಿಲೀಟರ್. ಅಂದರೆ ಬೆಳಗಿನಿಂದ ಬೆಳಗಿನೊಳಗೆ ಅಷ್ಟೂ ನೀರು ಮೂರು ಬಾರಿಗೂ ಹೆಚ್ಚು ಬದಲಾಗುತ್ತದೆ.

ಕುಚ್ಚಿನ ಪ್ರತಿಯೊಂದು ಮಡಿಕೆಯ ಒಳಗೂ ರಕ್ತದ ಲೋಮನಾಳಗಳಿವೆ. ಅವುಗಳ ಗೋಡೆಯಲ್ಲಿ ಸಣ್ಣ ಕಿಂಡಿಗಳಿರುವುದರಿಂದ ರಕ್ತದ ನೀರಿನಂಶ ಸಲೀಸಾಗಿ ಹೊರಕ್ಕೆ ಜಿನುಗುತ್ತದೆ. ಇಲ್ಲಿಯವರೆಗಿನ ಕೆಲಸ ನಮ್ಮ ಮನೆಗಳ ಕಾಫಿ ಫಿಲ್ಟರಿನದೇ: ತೂತಿಗಿಂತ ಸಣ್ಣದು ಇಳಿಯುತ್ತದೆ, ದೊಡ್ಡದು ಮೇಲೆಯೇ ಉಳಿಯುತ್ತದೆ. ಆದರೆ ಹೀಗೆ ಜಿನುಗಿದ್ದು ನೇರವಾಗಿ ಕುಹರಕ್ಕೆ ಬೀಳುವಂತಿಲ್ಲ. ಮಡಿಕೆಯ ಹೊರಮೈಗೆ ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ಕೂತ ಹೊದಿಕೆಕೋಶಗಳಿವೆ. ಅಕ್ಕಪಕ್ಕದ ಕೋಶಗಳ ಪೊರೆಗಳನ್ನು ಕ್ಲಾಡಿನ್‌ನಂತಹ ಪ್ರೋಟೀನುಗಳು ಹೊಲಿದಂತೆ ಹಿಡಿದಿರುವುದರಿಂದ ಸಂದಿಯಲ್ಲಿ ನುಸುಳಲು ದಾರಿಯಿಲ್ಲ. ಬಹುತೇಕ ಎಲ್ಲವೂ ಕೋಶದ ಮೈಯೊಳಗಿಂದಲೇ, ಅದರ ಒಪ್ಪಿಗೆಯ ಮೇಲೆಯೇ ದಾಟಬೇಕು.

ಈ ಕೋಶಗಳ ವಿಶೇಷವೇನೆಂದರೆ, ದೇಹದ ಇತರ ಹೊದಿಕೆಕೋಶಗಳು ಸೋಡಿಯಂ ಪಂಪನ್ನು ಸಾಮಾನ್ಯವಾಗಿ ರಕ್ತದ ಕಡೆಯ ಮುಖದಲ್ಲಿ ಇಟ್ಟುಕೊಂಡರೆ, ಇವು ದ್ರವದ ಕಡೆಯ ಮುಖದಲ್ಲಿ ಇಟ್ಟುಕೊಂಡಿವೆ. ಪಂಪು ಸೋಡಿಯಂ ಅನ್ನು ಕುಹರದತ್ತ ತಳ್ಳಿದಾಗ ಕ್ಲೋರೈಡ್ ಮತ್ತು ಬೈಕಾರ್ಬನೇಟ್ ಅದರ ಬೆನ್ನು ಹಿಡಿಯುತ್ತವೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಜೊತೆಗೆ ವಿಟಮಿನ್ ಸಿ, ಫೋಲೇಟ್ ಮುಂತಾದವನ್ನು ಹೆಕ್ಕಿ ಒಳಗೆ ಕಳಿಸುವ, ಬೇಡವಾದ ಅಣುಗಳನ್ನು ರಕ್ತಕ್ಕೆ ಮರಳಿಸುವ ವಾಹಕಗಳೂ ಇವೆ. ಹಾಗಾಗಿ ಇದನ್ನು ಬರಿಯ ‘ತಡೆಗೋಡೆ’ ಎಂದು ಕರೆಯುವುದು ನನಗೇಕೋ ಒಗ್ಗದು. ಯಾವ ಗೋಡೆಯೂ ತಾನೇ ನೀರು ಮಾಡಿ ಹರಿಸುವುದಿಲ್ಲ.

ಮಿದುಳಿನ ಉಳಿದ ಬಹುಭಾಗದಲ್ಲಿ ವ್ಯವಸ್ಥೆ ತಲೆಕೆಳಗು. ಅಲ್ಲಿ ಬಿಗಿಯಾಗಿರುವುದು ಲೋಮನಾಳದ ಒಳಪದರವೇ. ಜರ್ಮನಿಯ ಎಡ್ವಿನ್ ಗೋಲ್ಡ್‌ಮನ್ ಟ್ರಿಪಾನ್ ನೀಲಿ ಎಂಬ ಬಣ್ಣವನ್ನು ಪ್ರಾಣಿಗಳ ರಕ್ತಕ್ಕೆ ಸೇರಿಸಿದಾಗ ದೇಹವೆಲ್ಲ ನೀಲಿಯಾಯಿತು, ಕೊರಾಯ್ಡ್ ಪ್ಲೆಕ್ಸಸ್ ಕೂಡ ನೀಲಿಯಾಯಿತು, ಮಿದುಳು ಮಾತ್ರ ಬೆಳ್ಳಗೆ ಉಳಿಯಿತು. 1913ರಲ್ಲಿ ಅದೇ ಬಣ್ಣವನ್ನು ಮಿದುಳಿನ ದ್ರವಕ್ಕೆ ಹಾಕಿದಾಗ ಮಿದುಳೇ ನೀಲಿಗಟ್ಟಿತು. ಬಣ್ಣ ಹಿಡಿಯದ ಗುಣ ಮಿದುಳಿನದಲ್ಲ, ನಡುವೆ ತಡೆಯುವವರು ಯಾರೋ ಇದ್ದಾರೆ ಎಂಬುದು ಅದರಿಂದ ಸ್ಪಷ್ಟವಾಯಿತು.

ಮಲೆನಾಡಿನ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯನ್ನು ಚಿಕ್ಕಮಗಳೂರಿನವರಿಗೆ ಪರಿಚಯಿಸಬೇಕಿಲ್ಲ. ಕಾಯಿಯ ರೋಮ ತಗುಲಿ ತುರಿಸಿಕೊಂಡವರಿಗೆ ಅದು ಮರೆಯುವಂಥದ್ದಲ್ಲ. ಅದರ ಬೀಜದಲ್ಲಿರುವ ಎಲ್-ಡೋಪಾ ಪಾರ್ಕಿನ್ಸನ್ ಕಾಯಿಲೆಯ ಮುಖ್ಯ ಔಷಧ. ಆ ರೋಗದಲ್ಲಿ ಮಿದುಳಿಗೆ ಕೊರತೆಯಾಗುವುದು ಡೋಪಮಿನ್. ಆದರೆ ಡೋಪಮಿನ್ ಅನ್ನೇ ರಕ್ತಕ್ಕೆ ಕೊಟ್ಟರೆ ಅದು ಲೋಮನಾಳದ ತಡೆಯಲ್ಲಿಯೇ ನಿಂತುಬಿಡುತ್ತದೆ. ಎಲ್-ಡೋಪಾ ಅಮೈನೋ ಆಮ್ಲವಾದ್ದರಿಂದ, ಆಹಾರದ ಅಮೈನೋ ಆಮ್ಲಗಳನ್ನು ದಾಟಿಸುವ ವಾಹಕವನ್ನೇ ಹಿಡಿದು ಒಳಸೇರಿ, ಬಳಿಕ ಡೋಪಮಿನ್ ಆಗುತ್ತದೆ.

ಬೇಕೆಂದೇ ತೆರೆದಿಟ್ಟ ಜಾಗಗಳೂ ಇವೆ. ಮಿದುಳುಕಾಂಡದ ಹಿಂಬದಿಯ ಏರಿಯಾ ಪೋಸ್ಟ್ರೀಮಾ ರಕ್ತದಲ್ಲಿ ವಿಷ ಬೆರೆತದ್ದನ್ನು ಅರಿತು ವಾಂತಿ ಮಾಡಿಸಬೇಕು; ತಡೆಯಿದ್ದರೆ ಅರಿಯುವುದು ಹೇಗೆ? ಅಂತಹ ಕಡೆ ಲೋಮನಾಳ ಸಡಿಲವಾಗಿದ್ದು, ಅಲ್ಲಿ ಸೋರಿದ್ದು ಕುಹರದ ದ್ರವಕ್ಕೆ ಬೆರೆಯದಂತೆ ಟ್ಯಾನಿಸೈಟ್ ಎಂಬ ಉದ್ದಬಾಲದ ಕೋಶಗಳು ಅಂಚಿನಲ್ಲಿ ಒತ್ತಾಗಿ ನಿಂತಿರುತ್ತವೆ.

ಮಿದುಳುಜ್ವರದ ಶಂಕೆ ಬಂದಾಗ ವೈದ್ಯರು ಸೊಂಟದ ಮೂಳೆಗಳ ನಡುವೆ ಸೂಜಿ ಹಾಕಿ ತೆಗೆಯುವುದು ಈ ದ್ರವವನ್ನೇ. ಆರೋಗ್ಯವಂತರಲ್ಲಿ ಅದರ ಪ್ರೋಟೀನ್ 100 ಮಿಲಿಲೀಟರಿಗೆ ಸುಮಾರು 15ರಿಂದ 45 ಮಿಲಿಗ್ರಾಂ ಅಷ್ಟೇ. ರಕ್ತದ ಪ್ಲಾಸ್ಮಾದಲ್ಲಿಯಾದರೆ ಅಷ್ಟೇ ಅಳತೆಗೆ ಸುಮಾರು 7 ಗ್ರಾಂ ಇರುತ್ತದೆ. ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಆ ಹೊಲಿಗೆಗಳು ಸಡಿಲಗೊಂಡು, ಪ್ರೋಟೀನೂ ಬಿಳಿರಕ್ತಕಣಗಳೂ ಒಳನುಗ್ಗಿ, ತಿಳಿಯಾಗಿ ತೊಟ್ಟಿಕ್ಕಬೇಕಾದ ದ್ರವ ಅಕ್ಕಿ ತೊಳೆದ ನೀರಿನಂತೆ ಕದಡಿ ಬರುತ್ತದೆ.