ಹೊರಟು ನಿಂತ ಆಟಗಾರನ ಬೆಲೆ: ಕಾರ್ಮೆಲೊ ಆಂಥನಿ ಚೌಕಾಸಿಯ ಹಿಂದಿನ ಕತೆ, ಮುಂದಿನ ಕತೆ

2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ನಿಕ್ಸ್ ಬಾಸ್ಕೆಟ್‌ಬಾಲ್ ತಂಡದ ಅಭಿಮಾನಿಗಳು ಎರಡು ಬಣಗಳಾಗಿದ್ದರು. ಡೆನ್ವರ್ ನಗೆಟ್ಸ್ ತಂಡದ ಕಾರ್ಮೆಲೊ ಆಂಥನಿ ತಮ್ಮ ತಂಡಕ್ಕೆ ಬರಬೇಕು ಎಂಬುದರಲ್ಲಿ ಹೆಚ್ಚಿನವರಿಗೆ ತಕರಾರಿರಲಿಲ್ಲ, ಜಗಳವೆಲ್ಲ ಬೆಲೆಯದು. ಆಂಥನಿ ಅವರ ಒಪ್ಪಂದದಲ್ಲಿ ಆ ಜುಲೈನಲ್ಲೇ ಬಿಡುಗಡೆ ಪಡೆಯುವ ಅವಕಾಶವಿತ್ತು. ಐದು ತಿಂಗಳು ಕಾದರೆ ಒಬ್ಬ ಆಟಗಾರನನ್ನೂ ಕಳೆದುಕೊಳ್ಳದೆ ಅವರನ್ನು ಕರೆತರಬಹುದಾಗಿರುವಾಗ, ಕಷ್ಟಪಟ್ಟು ಕಟ್ಟಿದ ತಂಡದ ಅರ್ಧವನ್ನು ಈಗಲೇ ಡೆನ್ವರ್‌ಗೆ ಏಕೆ ಒಪ್ಪಿಸಬೇಕು ಎಂದು ಒಂದು ಬಣ ಕೇಳುತ್ತಿತ್ತು. ಕಾದು ಕುಳಿತರೆ ಪಕ್ಕದ ನ್ಯೂಜೆರ್ಸಿ ನೆಟ್ಸ್ ತಂಡ ಅವರನ್ನು ಎಗರಿಸಿಕೊಂಡು ಹೋಗುತ್ತದೆ, ಆಗ ಕೈಕೈ ಹಿಸುಕಿಕೊಳ್ಳಬೇಕಾಗುತ್ತದೆ ಎಂದು ಇನ್ನೊಂದು ಬಣ ಎಚ್ಚರಿಸುತ್ತಿತ್ತು. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ದೊಡ್ಡ ಆಟಗಾರನೊಬ್ಬ ತಂಡ ಬಿಡಲು ಹೊರಟಾಗಲೆಲ್ಲ ಇಂದಿಗೂ ಇದೇ ವಾದ ಮರುಕಳಿಸುತ್ತದೆ. ಇದು ನಿಷ್ಠೆಯ ಪ್ರಶ್ನೆ ಎಂದು ಮೇಲ್ನೋಟಕ್ಕೆ ಕಂಡರೂ, ಇದರ ಬೇರು ಇರುವುದು ಐವತ್ತು ವರ್ಷಗಳಲ್ಲಿ ಒಂದರ ಮೇಲೊಂದು ಬಂದ ನಿಯಮಗಳಲ್ಲಿ ಎಂಬುದು ನನ್ನ ಅಭಿಪ್ರಾಯ.

ಕ್ರಿಕೆಟ್ ನೋಡಿ ಬೆಳೆದ ಕನ್ನಡದ ಓದುಗರಿಗೆ ಇಲ್ಲಿ ಒಂದು ವ್ಯತ್ಯಾಸವನ್ನು ಮೊದಲೇ ಹೇಳಬೇಕು. 2023ರ ನವೆಂಬರ್‌ನಲ್ಲಿ ಕ್ಯಾಮರಾನ್ ಗ್ರೀನ್ ಮುಂಬೈ ಇಂಡಿಯನ್ಸ್‌ನಿಂದ ನಮ್ಮ ಆರ್‌ಸಿಬಿಗೆ ಬಂದದ್ದು ಪೂರ್ತಿ ನಗದು ವ್ಯವಹಾರದಲ್ಲಿ; ಪ್ರತಿಯಾಗಿ ಆಟಗಾರರು ಹೋಗಲಿಲ್ಲ. ಎನ್‌ಬಿಎಯಲ್ಲಿ ಹೀಗೆ ಹಣ ಕೊಟ್ಟು ತಾರಾ ಆಟಗಾರನನ್ನು ಕೊಳ್ಳಲು ಬರುವುದಿಲ್ಲ. ವಿನಿಮಯದಲ್ಲಿ ಸೇರಿಸಬಹುದಾದ ನಗದಿಗೆ ಮಿತಿಯಿದೆ. 2011ರ ಆರಂಭದಲ್ಲಿ ಅದು ಒಂದು ವಿನಿಮಯಕ್ಕೆ 30 ಲಕ್ಷ ಡಾಲರ್ ಇತ್ತು. ತಂಡವೊಂದರ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ವೇತನ ಮಿತಿಯನ್ನು ದಾಟಿದ ತಂಡವು ತಾನು ಕಳುಹಿಸುವ ಆಟಗಾರರ ಒಟ್ಟು ಸಂಬಳಕ್ಕೆ ಹತ್ತಿರದ ಮೊತ್ತದ ಸಂಬಳವನ್ನು ಮಾತ್ರ ಒಳಗೆ ತರಬಹುದು. ಆದ್ದರಿಂದ ದೊಡ್ಡ ಸಂಬಳದ ಒಬ್ಬ ಬರಬೇಕಾದರೆ ಮೂವರೋ ನಾಲ್ವರೋ ಹೋಗಬೇಕಾಗುತ್ತದೆ. ಅದರ ಜೊತೆಗೆ ಮುಂದಿನ ವರ್ಷಗಳ ಡ್ರಾಫ್ಟ್‌ನಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಹಕ್ಕುಗಳೂ ಕೈ ಬದಲಾಗುತ್ತವೆ. ಅಭಿಮಾನಿಗಳು ಕೂಡಿ ಕಳೆಯುವುದು ಈ ಎರಡು ಲೆಕ್ಕಗಳನ್ನೇ.

ಆಟಗಾರನಿಗೆ ಬಿಟ್ಟು ಹೋಗುವ ಹಕ್ಕು ಮೊದಲಿನಿಂದಲೂ ಇದ್ದದ್ದಲ್ಲ. 1970ರಲ್ಲಿ ಒಪ್ಪಂದ ಮುಗಿದ ಮೇಲೂ ಆಟಗಾರ ಅದೇ ತಂಡದ ಸ್ವತ್ತಾಗಿ ಉಳಿಯುತ್ತಿದ್ದ. ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ರಾಬರ್ಟ್‌ಸನ್ ಅವರ ಹೆಸರಿನಲ್ಲಿ ಆ ವರ್ಷ ಹೂಡಿದ ಮೊಕದ್ದಮೆ 1976ರಲ್ಲಿ ರಾಜಿಯಲ್ಲಿ ಮುಗಿದಾಗ ಮಾತ್ರ ಈ ಕಟ್ಟು ಸಡಿಲವಾಯಿತು. ಆಗಲೂ ಹಳೆಯ ತಂಡಕ್ಕೆ ಪ್ರತಿಸ್ಪರ್ಧಿ ತಂಡದ ಮೊತ್ತವನ್ನೇ ಕೊಟ್ಟು ಆಟಗಾರನನ್ನು ಉಳಿಸಿಕೊಳ್ಳುವ ಹಕ್ಕು ಇದ್ದೇ ಇತ್ತು. ಯಾವ ಷರತ್ತೂ ಇಲ್ಲದೆ ತನ್ನಿಷ್ಟದ ತಂಡ ಸೇರಿದ ಮೊದಲ ಆಟಗಾರ ಟಾಮ್ ಚೇಂಬರ್ಸ್. ಅವರು ಸಿಯಾಟಲ್ ಬಿಟ್ಟು ಫೀನಿಕ್ಸ್ ಸೇರಿದ್ದು 1988ರಲ್ಲಿ.

ಆ ಹಕ್ಕು ಬರುವ ಮೊದಲೂ ಹಟ ಹಿಡಿದು ಹೊರಟವರಿದ್ದರು, ಮತ್ತು ಅವರಲ್ಲಿ ಕರೀಮ್ ಅಬ್ದುಲ್ ಜಬ್ಬಾರ್ ಅವರ ಪ್ರಸಂಗ ಈಗಲೂ ಪಾಠದಂತಿದೆ. 1971ರಲ್ಲಿ ಮಿಲ್ವಾಕೀ ಬಕ್ಸ್ ತಂಡಕ್ಕೆ ಚಾಂಪಿಯನ್ ಪಟ್ಟ ತಂದುಕೊಟ್ಟ ಅವರು, 1974ರ ಅಕ್ಟೋಬರ್‌ನಲ್ಲಿ ತಮ್ಮನ್ನು ನ್ಯೂಯಾರ್ಕ್‌ಗೋ ಲಾಸ್ ಏಂಜಲೀಸ್‌ಗೋ ಕಳುಹಿಸಿಕೊಡಿ ಎಂದು ಆಡಳಿತವನ್ನು ಕೇಳಿಕೊಂಡರು. ಊರಿನ ಜನರ ಮೇಲೆ ಅವರಿಗೆ ದೂರಿರಲಿಲ್ಲ. ಆ ನಗರದ ಬದುಕು ತಮಗೆ ಹೊಂದುವುದಿಲ್ಲ ಎಂಬುದಷ್ಟೇ ಅವರ ಮಾತಾಗಿತ್ತು. ತಂಡ ತಿಂಗಳುಗಟ್ಟಲೆ ವಿಷಯವನ್ನು ಹೊರಗೆ ಬಿಡಲಿಲ್ಲ. 1975ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡದಿಂದ ಎಲ್ಮೋರ್ ಸ್ಮಿತ್, ಬ್ರಯಾನ್ ವಿಂಟರ್ಸ್, ಡೇವ್ ಮೇಯರ್ಸ್ ಮತ್ತು ಜೂನಿಯರ್ ಬ್ರಿಡ್ಜ್‌ಮನ್ ಅವರನ್ನು ಪಡೆದು ಅಬ್ದುಲ್ ಜಬ್ಬಾರ್ ಅವರನ್ನು ಕಳುಹಿಸಿಕೊಟ್ಟಿತು. ಲಾಸ್ ಏಂಜಲೀಸ್‌ನಲ್ಲಿ ಅವರು ಐದು ಬಾರಿ ಚಾಂಪಿಯನ್ ಆದರು. ಮಿಲ್ವಾಕೀ ಮತ್ತೆ ಆ ಪಟ್ಟ ಕಂಡದ್ದು 2021ರಲ್ಲಿ. ಹಾಗೆಂದು ಬಕ್ಸ್ ಮೋಸಹೋಯಿತು ಎನ್ನುವುದು ಸರಿಯಲ್ಲ. ಆ ನಾಲ್ವರಲ್ಲಿ ವಿಂಟರ್ಸ್ ಮತ್ತು ಬ್ರಿಡ್ಜ್‌ಮನ್ ಅವರ ಅಂಗಿಯ ಸಂಖ್ಯೆಗಳನ್ನು ತಂಡ ಗೌರವದಿಂದ ನಿವೃತ್ತಗೊಳಿಸಿದೆ, ಮತ್ತು 1980ರಿಂದ 1986ರವರೆಗೆ ಬಕ್ಸ್ ಸತತ ಏಳು ವರ್ಷ ತನ್ನ ವಿಭಾಗದಲ್ಲಿ ಮೊದಲ ಸ್ಥಾನದಲ್ಲಿತ್ತು. ಯುಗಕ್ಕೊಬ್ಬ ಎನ್ನುವಂಥ ಆಟಗಾರನಿಗೆ ಸಮನಾದ ಬೆಲೆ ಯಾವ ವಿನಿಮಯದಲ್ಲೂ ಸಿಗುವುದಿಲ್ಲ. ಉಳಿದದ್ದರಲ್ಲಿ ಮುಂದಿನ ತಂಡವನ್ನು ಕಟ್ಟಲು ಸಾಧ್ಯವೇ ಎಂಬುದನ್ನಷ್ಟೇ ಕೇಳಬಹುದು.

1984–85ರ ಋತುವಿನಲ್ಲಿ 36 ಲಕ್ಷ ಡಾಲರ್‌ಗಳ ವೇತನ ಮಿತಿ ಜಾರಿಗೆ ಬಂತು. ತನ್ನದೇ ಆಟಗಾರನನ್ನು ಉಳಿಸಿಕೊಳ್ಳುವ ತಂಡ ಮಾತ್ರ ಈ ಮಿತಿಯನ್ನು ಮೀರಬಹುದು ಎಂಬ ವಿನಾಯಿತಿಯೂ ಜೊತೆಗೇ ಬಂತು. ಬಾಸ್ಟನ್‌ನ ಲ್ಯಾರಿ ಬರ್ಡ್ ಅವರ ಹೆಸರಿನಿಂದ ಅದನ್ನು ಕರೆಯುತ್ತಾರೆ. ಮುಂದಿನ ಎಲ್ಲ ಚೌಕಾಸಿಗಳ ಕೀಲಿ ಈ ವಿನಾಯಿತಿಯಲ್ಲಿದೆ. ಆಟಗಾರ ಎಲ್ಲಿಗೆ ಬೇಕಾದರೂ ಹೋಗಬಹುದು, ಆದರೆ ಅತಿ ಹೆಚ್ಚು ಹಣ ಸಿಗುವುದು ಹಳೆಯ ತಂಡದ ಸಹಿ ಇದ್ದಾಗ. ಹೀಗಾಗಿ ಹಳೆಯ ತಂಡವೇ ಹೊಸ ಒಪ್ಪಂದ ಮಾಡಿ, ಆ ಒಪ್ಪಂದದ ಸಮೇತ ಆಟಗಾರನನ್ನು ಬೇರೆಡೆಗೆ ಕಳುಹಿಸುವ ದಾರಿ ಹುಟ್ಟಿಕೊಂಡಿತು. ಆಟಗಾರನಿಗೆ ಹಣ, ಹಳೆಯ ತಂಡಕ್ಕೆ ಪ್ರತಿಫಲ, ಹೊಸ ತಂಡಕ್ಕೆ ಆಟಗಾರ.

ಈ ದಾರಿ ಹಿಡಿಯದಿದ್ದರೆ ಏನಾಗುತ್ತದೆ ಎಂಬುದನ್ನು ಒರ್ಲಾಂಡೊ ಅನುಭವಿಸಿತು. 1996ರಲ್ಲಿ ಶಕೀಲ್ ಓನೀಲ್ ಬಿಡುಗಡೆ ಪಡೆದು ಲೇಕರ್ಸ್ ಸೇರಿದಾಗ ಒರ್ಲಾಂಡೊಗೆ ಪ್ರತಿಯಾಗಿ ಏನೂ ಸಿಗಲಿಲ್ಲ. 2010ರ ಜುಲೈ 8ರಂದು ಲೆಬ್ರಾನ್ ಜೇಮ್ಸ್ ದೂರದರ್ಶನದ ವಿಶೇಷ ಕಾರ್ಯಕ್ರಮದಲ್ಲಿ ಮಯಾಮಿ ಸೇರುವುದಾಗಿ ಘೋಷಿಸಿದ ಮೇಲೆ ಕ್ಲೀವ್‌ಲ್ಯಾಂಡ್‌ಗೆ ಒಂದಿಷ್ಟು ಡ್ರಾಫ್ಟ್ ಹಕ್ಕುಗಳು ದಕ್ಕಿದವು, ಆಟಗಾರರು ಯಾರೂ ಬರಲಿಲ್ಲ. ಹಿಂದಿನ ಋತುವಿನಲ್ಲಿ 61 ಪಂದ್ಯ ಗೆದ್ದಿದ್ದ ತಂಡ ಮುಂದಿನ ಋತುವಿನಲ್ಲಿ 19 ಪಂದ್ಯ ಗೆದ್ದಿತು. ನಡುವೆ ಸತತ 26 ಸೋಲುಗಳು. ಘೋಷಣೆಯ ರಾತ್ರಿಯೇ ಊರಿನವರು ಜೇಮ್ಸ್ ಹೆಸರಿನ ಅಂಗಿಗಳನ್ನು ಬೀದಿಯಲ್ಲಿ ಸುಟ್ಟಿದ್ದರು. ಡೆನ್ವರ್‌ನ ಅಭಿಮಾನಿಗಳು ಈ ದೃಶ್ಯಗಳನ್ನು ನೋಡುತ್ತಿದ್ದ ದಿನಗಳಲ್ಲೇ, ಆಂಥನಿ ತಮ್ಮ ಮುಂದಿದ್ದ ಮೂರು ವರ್ಷಗಳ, ಸುಮಾರು ಆರೂವರೆ ಕೋಟಿ ಡಾಲರ್‌ಗಳ ಹೊಸ ಒಪ್ಪಂದಕ್ಕೆ ಸಹಿ ಹಾಕದೆ ದಿನ ದೂಡತೊಡಗಿದ್ದರು.

ಅದೇ ಆಗಸ್ಟ್‌ನಲ್ಲಿ ಡೆನ್ವರ್‌ನ ಆಡಳಿತಕ್ಕೆ ಮಸಾಯ್ ಉಜಿರಿ ಬಂದರು. ಬಂದವರ ಮೇಜಿನ ಮೇಲೆ ಮೊದಲ ಕಡತವೇ ಇದು. ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಆಂಥನಿ ಅವರ ಒಲವು ನ್ಯೂಯಾರ್ಕ್ ಕಡೆಗೆ ಎಂಬುದು ಎಲ್ಲರಿಗೂ ತಿಳಿದಿದ್ದರಿಂದ ಉಜಿರಿ ಅವರ ಕೈ ಕಟ್ಟಿದಂತೆಯೇ ಇತ್ತು. ಅವರಿಗೆ ಬೇಕಾದದ್ದು ಎರಡನೆಯ ಗಿರಾಕಿ. ನ್ಯೂಜೆರ್ಸಿ ನೆಟ್ಸ್ ಆ ಸ್ಥಾನವನ್ನು ತುಂಬಿತು. ಯುವ ಆಟಗಾರ ಡೆರಿಕ್ ಫೇವರ್ಸ್ ಮತ್ತು ಡ್ರಾಫ್ಟ್ ಹಕ್ಕುಗಳನ್ನು ಮುಂದಿಟ್ಟು ತಿಂಗಳುಗಳ ಕಾಲ ಮಾತುಕತೆ ನಡೆಸಿತು. 2011ರ ಜನವರಿ 19ರಂದು ಅದರ ಒಡೆಯ ಮಿಖಾಯಿಲ್ ಪ್ರೊಖೊರೊವ್ ಇನ್ನು ಸಾಕು ಎಂದು ಬಹಿರಂಗವಾಗಿ ಘೋಷಿಸಿದರೂ, ಆ ಋತುವಿನ ವಿನಿಮಯಗಳಿಗಿದ್ದ ಫೆಬ್ರವರಿ 24ರ ಗಡುವು ಹತ್ತಿರ ಬಂದಂತೆ ಅದೇ ತಂಡದ ಹೆಸರು ಮತ್ತೆ ಓಡಾಡತೊಡಗಿತು. ನ್ಯೂಯಾರ್ಕ್ ಬೆದರಿತು.

ಇಲ್ಲಿ ‘ಕಾಯೋಣ’ ಎನ್ನುತ್ತಿದ್ದ ನ್ಯೂಯಾರ್ಕ್ ಬಣ ಒಂದು ವಿಷಯವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಂಡಗಳ ಒಡೆಯರಿಗೂ ಆಟಗಾರರ ಸಂಘಕ್ಕೂ ನಡುವಿನ ಸಾಮೂಹಿಕ ಒಪ್ಪಂದ ಆ ಜೂನ್ 30ಕ್ಕೆ ಮುಗಿಯುತ್ತಿತ್ತು. ಮುಂದಿನ ಒಪ್ಪಂದದಲ್ಲಿ ಸಂಬಳಗಳಿಗೆ ಕತ್ತರಿ ಬೀಳುವುದು ಖಚಿತ ಎಂಬ ವಾತಾವರಣವಿತ್ತು; ಜುಲೈನಲ್ಲಿ ಲಾಕೌಟ್ ಬಂದೇ ಬಂತು, ಮುಂದಿನ ಋತು 66 ಪಂದ್ಯಗಳಿಗೆ ಇಳಿಯಿತು. ಆಂಥನಿ ಕಾದು ಬಿಡುಗಡೆ ಪಡೆದು ಬಂದಿದ್ದರೆ ಕೋಟ್ಯಂತರ ಡಾಲರ್ ಬಿಟ್ಟುಕೊಡುವ ಅಪಾಯ ಅವರದ್ದೇ ಆಗಿತ್ತು. ಹಳೆಯ ನಿಯಮದಡಿ ಆ ಆರೂವರೆ ಕೋಟಿ ಒಪ್ಪಂದಕ್ಕೆ ಸಹಿ ಹಾಕಿಸಿ ಕಳುಹಿಸಲು ಸಾಧ್ಯವಿದ್ದದ್ದು ಡೆನ್ವರ್‌ಗೆ ಮಾತ್ರ. ಉಜಿರಿ ಮಾರುತ್ತಿದ್ದದ್ದು ಆಟಗಾರನನ್ನಷ್ಟೇ ಅಲ್ಲ, ಆ ಸಹಿಯನ್ನು ಕೂಡ.

ಫೆಬ್ರವರಿ 22ರಂದು ವ್ಯವಹಾರ ಮುಗಿಯಿತು. ಆಂಥನಿ, ಚಾನ್ಸಿ ಬಿಲಪ್ಸ್ ಮತ್ತಿತರರು ನ್ಯೂಯಾರ್ಕ್‌ಗೆ ಹೋದರು. ಸಂಬಳದ ಲೆಕ್ಕ ಹೊಂದಿಸಲು ಮಿನೆಸೋಟ ತಂಡವನ್ನೂ ಸೇರಿಸಿಕೊಳ್ಳಲಾಯಿತು. ಡೆನ್ವರ್‌ಗೆ ಡನೀಲೊ ಗಲಿನಾರಿ, ವಿಲ್ಸನ್ ಚಾಂಡ್ಲರ್, ರೇಮಂಡ್ ಫೆಲ್ಟನ್ ಮತ್ತು ಟಿಮೊಫೆ ಮೊಜ್‌ಗೊವ್ ಬಂದರು. ಇದರ ಜೊತೆಗೆ 2014ರ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕು, ಎರಡನೆಯ ಸುತ್ತಿನ ಎರಡು ಹಕ್ಕುಗಳು, 30 ಲಕ್ಷ ಡಾಲರ್ ನಗದು. ಇಟಲಿಯ ಗಲಿನಾರಿ ಅವರನ್ನು 2008ರ ಡ್ರಾಫ್ಟ್‌ನಲ್ಲಿ ಆರಿಸಿದಾಗ ಕೂಗಿ ಮೂದಲಿಸಿದ್ದ ನ್ಯೂಯಾರ್ಕ್ ಅಭಿಮಾನಿಗಳೇ ಈಗ ಅವರನ್ನು ಕಳೆದುಕೊಂಡದ್ದಕ್ಕೆ ಮರುಗಿದರು. ಮೊಜ್‌ಗೊವ್ ಅವರ ಹೆಸರಿನ ಮೇಲಂತೂ ಕೊನೆಯ ಕ್ಷಣದವರೆಗೂ ಜಗ್ಗಾಟ ನಡೆಯಿತು. ಅದುವರೆಗೆ ಹೆಚ್ಚಾಗಿ ಬೆಂಚಿನ ಮೇಲೆ ಕುಳಿತಿದ್ದ ಈ ರಷ್ಯನ್ ಆಟಗಾರ ಜನವರಿಯ ಕೊನೆಯಲ್ಲಿ ಡೆಟ್ರಾಯಿಟ್ ವಿರುದ್ಧ 23 ಅಂಕ, 14 ರೀಬೌಂಡ್ ಗಳಿಸಿ, ನಿಕ್ಸ್‌ನ ಅಂಗಳವಾದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಇಡೀ ತನ್ನ ಹೆಸರನ್ನು ಕೂಗುವಂತೆ ಮಾಡಿದ್ದರು. ಆಂಥನಿ ಬರುವುದಾದರೆ ಇಂಥವರೊಬ್ಬರನ್ನು ಬಿಟ್ಟರೇನು ಎಂದು ಒಂದು ಬಣ, ಎಲ್ಲವನ್ನೂ ಕೊಟ್ಟ ಮೇಲೆ ಇದನ್ನೂ ಕೇಳುವುದು ಸುಲಿಗೆ ಎಂದು ಇನ್ನೊಂದು ಬಣ. ಡೆನ್ವರ್ ಮುಂದೆ 2015ರಲ್ಲಿ ಮೊಜ್‌ಗೊವ್ ಅವರನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು ಮೊದಲ ಸುತ್ತಿನ ಎರಡು ಡ್ರಾಫ್ಟ್ ಹಕ್ಕುಗಳನ್ನು ಗಳಿಸಿತು.

ಫಲ ಬೇಗನೆ ಕಾಣಿಸಿತು. ಡೆನ್ವರ್ ಆ ಋತುವಿನ ಉಳಿದ 25 ಪಂದ್ಯಗಳಲ್ಲಿ 18 ಗೆದ್ದಿತು. ವಿನಿಮಯಕ್ಕೆ ಮೊದಲು 28 ಗೆದ್ದು 26 ಸೋತಿದ್ದ ನ್ಯೂಯಾರ್ಕ್, ಆಮೇಲೆ 14 ಗೆದ್ದು 14 ಸೋತು, ಪ್ಲೇಆಫ್‌ನಲ್ಲಿ ಬಾಸ್ಟನ್ ಎದುರು ಒಂದು ಪಂದ್ಯವನ್ನೂ ಗೆಲ್ಲದೆ ಹೊರಬಿತ್ತು. ಆಂಥನಿ ಅವರ ಕಾಲದಲ್ಲಿ ನಿಕ್ಸ್ ಗೆದ್ದ ಪ್ಲೇಆಫ್ ಸರಣಿ 2013ರ ಒಂದೇ ಒಂದು. ಅದೇ 2013ರ ಮಾರ್ಚ್‌ನಲ್ಲಿ ಆಂಥನಿ ಎದುರಾಳಿಯಾಗಿ ಡೆನ್ವರ್ ಅಂಗಳಕ್ಕೆ ಕಾಲಿಟ್ಟಾಗ ಅಭಿಮಾನಿಗಳು ಅವರಿಗೆ ಧಿಕ್ಕಾರ ಕೂಗಿದರು. 57 ಗೆಲುವುಗಳತ್ತ ಸಾಗುತ್ತಿದ್ದ ತಂಡದ ಅಭಿಮಾನಿಗಳಿಗೆ ಆ ಧೈರ್ಯವಿತ್ತು. ಆ ಧಿಕ್ಕಾರ ನನಗೆ ಸರಿಯೆನಿಸುವುದಿಲ್ಲ. ಆಂಥನಿ ತಮ್ಮ ಮನಸ್ಸಿನಲ್ಲಿದ್ದುದನ್ನು ಋತುವಿನ ಆರಂಭದಲ್ಲೇ ತೋರಿಸಿಕೊಟ್ಟು ತಂಡಕ್ಕೆ ತಿಂಗಳುಗಳ ಕಾಲಾವಕಾಶ ಕೊಟ್ಟರು. ಆ ತಂಡ ಎದ್ದು ನಿಂತದ್ದೇ ಆ ಕಾಲಾವಕಾಶದಿಂದ.

2011ರ ಫೆಬ್ರವರಿಯಲ್ಲಿ ಬಹುತೇಕ ಯಾರೂ ಗಮನಿಸದ ಒಂದು ಷರತ್ತು ವ್ಯವಹಾರದ ಕೊನೆಯಲ್ಲಿತ್ತು. 2016ರಲ್ಲಿ ಎರಡೂ ತಂಡಗಳ ಮೊದಲ ಸುತ್ತಿನ ಹಕ್ಕುಗಳಲ್ಲಿ ಮೇಲಿನದನ್ನು ಡೆನ್ವರ್ ತೆಗೆದುಕೊಳ್ಳಬಹುದು ಎಂಬ ಅದಲುಬದಲಿನ ಷರತ್ತು ಅದು. ಇಂಥ ಷರತ್ತುಗಳಿಗೆ ಕಾರಣವಿದೆ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಒಡೆಯ ಟೆಡ್ ಸ್ಟೆಪಿಯನ್ ಡ್ರಾಫ್ಟ್ ಹಕ್ಕುಗಳನ್ನು ಒಂದಾದ ಮೇಲೊಂದು ಬಿಟ್ಟುಕೊಟ್ಟು ತಂಡವನ್ನು ಬರಿದು ಮಾಡಿದ ಮೇಲೆ, ಮುಂಬರುವ ಎರಡು ಸತತ ವರ್ಷಗಳಲ್ಲಿ ಮೊದಲ ಸುತ್ತಿನ ಹಕ್ಕಿಲ್ಲದಂತೆ ಯಾವ ತಂಡವೂ ವ್ಯವಹಾರ ಮಾಡಬಾರದು ಎಂಬ ನಿಯಮ ಬಂತು. ಅದಲುಬದಲಿನಲ್ಲಿ ಹಕ್ಕು ಪೂರ್ತಿ ಹೋಗುವುದಿಲ್ಲವಾದ್ದರಿಂದ ಅದಕ್ಕೆ ಅಡ್ಡಿಯಿಲ್ಲ. 2016ರಲ್ಲಿ ನ್ಯೂಯಾರ್ಕ್‌ನದು ಏಳನೆಯ ಆಯ್ಕೆ, ಡೆನ್ವರ್‌ನದು ಒಂಬತ್ತನೆಯದು. ಡೆನ್ವರ್ ಏಳನ್ನು ತೆಗೆದುಕೊಂಡು ಜಮಾಲ್ ಮರ್ರೆ ಅವರನ್ನು ಆರಿಸಿತು. 2023ರಲ್ಲಿ ನಿಕೊಲ ಯೋಕಿಚ್ ಜೊತೆಗೆ ಡೆನ್ವರ್‌ಗೆ ಮೊದಲ ಬಾರಿ ಚಾಂಪಿಯನ್ ಪಟ್ಟ ತಂದವರು ಇದೇ ಮರ್ರೆ.

ಉಳಿದ ಒಂಬತ್ತನೆಯ ಆಯ್ಕೆಯ ಕತೆಯೂ ಸಣ್ಣದಲ್ಲ. 2013ರಲ್ಲಿ ಟೊರಾಂಟೊ ಸೇರಿದ ಉಜಿರಿ, ಆಂಡ್ರಿಯ ಬರ್ಗ್ನಾನಿ ಅವರನ್ನು ಕೊಟ್ಟು ನ್ಯೂಯಾರ್ಕ್‌ನ 2016ರ ಹಕ್ಕನ್ನು ಪಡೆದಿದ್ದರು. ಅದಲುಬದಲಿನ ನಂತರ ಅವರ ಪಾಲಿಗೆ ಉಳಿದ ಆ ಆಯ್ಕೆಯಲ್ಲಿ ಯಾಕೊಬ್ ಪೋಲ್ಟ್‌ಲ್ ಬಂದರು. 2018ರಲ್ಲಿ ಸ್ಯಾನ್ ಆಂಟೋನಿಯೊ ಬಿಡಲು ಹೊರಟಿದ್ದ ಕವಾಯ್ ಲೆನಾರ್ಡ್ ಅವರಿಗಾಗಿ ಪೋಲ್ಟ್‌ಲ್ ಅವರನ್ನೂ, ಒಂಬತ್ತು ಋತು ಟೊರಾಂಟೊಗೆ ಆಡಿ ಊರಿನ ಮಗನಂತಾಗಿದ್ದ ಡಿಮಾರ್ ಡಿರೋಜನ್ ಅವರನ್ನೂ ಉಜಿರಿ ಬಿಟ್ಟುಕೊಟ್ಟರು. ಒಂದೇ ವರ್ಷಕ್ಕೆ ಹೊರಟುಹೋಗಬಹುದಾದವನಿಗಾಗಿ ಉಳಿಯಲು ಬಯಸಿದವನನ್ನು ಕಳುಹಿಸುವುದೇ ಎಂದು ಅಭಿಮಾನಿಗಳು ನೊಂದುಕೊಂಡರು. ಲೆನಾರ್ಡ್ ಒಂದೇ ವರ್ಷ ಇದ್ದು ಹೊರಟೂಹೋದರು. ಆ ಒಂದು ವರ್ಷದಲ್ಲಿ, 2019ರಲ್ಲಿ, ಟೊರಾಂಟೊ ಚಾಂಪಿಯನ್ ಆಯಿತು. ಆದರೂ ಡಿರೋಜನ್ ಅವರಿಗಾದ ನೋವನ್ನು ಆ ಗೆಲುವು ಅಳಿಸಿತು ಎಂದು ನಾನು ಹೇಳಲಾರೆ.

2011ರ ಕೊನೆಯಲ್ಲಿ ಬಂದ ಹೊಸ ಸಾಮೂಹಿಕ ಒಪ್ಪಂದ, ಹಳೆಯ ತಂಡವೇ ಸಹಿ ಮಾಡಿಸಿ ಆಟಗಾರನನ್ನು ಕಳುಹಿಸುವ ದಾರಿಯನ್ನು ಕಿರಿದಾಗಿಸಿತು. ಹಾಗೆ ಕಳುಹಿಸಿದರೂ, ಹಳೆಯ ತಂಡದಲ್ಲೇ ಉಳಿದರೆ ಸಿಗುವ ಐದನೆಯ ವರ್ಷದ ಹಣ ಸಿಗದಂತಾಯಿತು. ಆಂಥನಿ ಪಡೆದಂಥ ಉದ್ದದ ವಿಸ್ತರಣೆಗೂ ಕಡಿವಾಣ ಬಿತ್ತು. ಆದರೆ ಹೊರಡುವವರು ನಿಲ್ಲಲಿಲ್ಲ, ಇನ್ನೂ ಮುಂಚೆಯೇ ಹೊರಡತೊಡಗಿದರು. 2019ರ ಜನವರಿಯಲ್ಲಿ ಒಪ್ಪಂದ ಇನ್ನೂ ಬಾಕಿಯಿರುವಾಗಲೇ ಆಂಥನಿ ಡೇವಿಸ್ ಎಂಬ ಇನ್ನೊಬ್ಬ ತಾರಾ ಆಟಗಾರ ತಮ್ಮನ್ನು ನ್ಯೂ ಆರ್ಲಿಯನ್ಸ್‌ನಿಂದ ಬೇರೆಡೆಗೆ ಕಳುಹಿಸಬೇಕೆಂದು ತಮ್ಮ ಏಜೆಂಟ್ ಮೂಲಕ ಬಹಿರಂಗವಾಗಿ ಕೇಳಿ 50 ಸಾವಿರ ಡಾಲರ್ ದಂಡ ತೆತ್ತರು. ಲೇಕರ್ಸ್ ಒತ್ತಡ ಹೇರಿದರೂ ನ್ಯೂ ಆರ್ಲಿಯನ್ಸ್ ಫೆಬ್ರವರಿಯ ಗಡುವನ್ನು ದಾಟಲು ಬಿಟ್ಟು, ಜೂನ್‌ನಲ್ಲಿ ಮೂವರು ಯುವ ಆಟಗಾರರನ್ನೂ ಮೊದಲ ಸುತ್ತಿನ ಮೂರು ಹಕ್ಕುಗಳನ್ನೂ ಪಡೆಯಿತು. ಆ ನಡುವೆ, ಆಯ್ಕೆಯ ಸರದಿಯನ್ನು ನಿರ್ಧರಿಸುವ ಡ್ರಾಫ್ಟ್ ಲಾಟರಿಯಲ್ಲಿ ಲೇಕರ್ಸ್‌ನ ಹಕ್ಕು ನಾಲ್ಕನೆಯ ಸ್ಥಾನಕ್ಕೇರಿ, ಕಾದದ್ದಕ್ಕೆ ಬೆಲೆ ಇನ್ನಷ್ಟು ಕೂಡಿಬಂತು.

ಪೋರ್ಟ್‌ಲ್ಯಾಂಡ್ 2023ರಲ್ಲಿ ಇನ್ನೂ ಬಿಗಿಯಾಗಿ ಪಟ್ಟು ಹಿಡಿಯಿತು. ಹನ್ನೊಂದು ಋತು ಆಡಿದ್ದ ಡೇಮಿಯನ್ ಲಿಲ್ಲಾರ್ಡ್ ಜುಲೈ 1ರಂದು ಬೇರೆ ತಂಡಕ್ಕೆ, ಅದೂ ಮಯಾಮಿಗೇ, ಕಳುಹಿಸಬೇಕೆಂದು ಕೇಳಿದರು. ಮಯಾಮಿಯ ಅಭಿಮಾನಿಗಳು ಬೇರೆ ಗಿರಾಕಿಯೇ ಇಲ್ಲವೆಂದು ನಂಬಿದ್ದರು. ಪೋರ್ಟ್‌ಲ್ಯಾಂಡ್ ಮೂರು ತಿಂಗಳು ಕಾದು, ಸೆಪ್ಟೆಂಬರ್ 27ರಂದು ಅವರನ್ನು ಮಿಲ್ವಾಕೀಗೆ ಕಳುಹಿಸಿತು. ಪ್ರತಿಯಾಗಿ ಬಂದವರಲ್ಲಿ ಜ್ರೂ ಹಾಲಿಡೆ ಅವರನ್ನು ಕೂಡಲೇ ಬಾಸ್ಟನ್‌ಗೆ ಕೊಟ್ಟು ಇನ್ನಷ್ಟು ಆಟಗಾರರನ್ನೂ ಹಕ್ಕುಗಳನ್ನೂ ಗಳಿಸಿತು. ಮಿಲ್ವಾಕೀ ಕೊಟ್ಟ ಡ್ರಾಫ್ಟ್ ಹಕ್ಕುಗಳಲ್ಲಿ ಸ್ಟೆಪಿಯನ್ ನಿಯಮದ ಗುರುತು ಸ್ಪಷ್ಟವಾಗಿದೆ: 2029ರದ್ದು ಪೂರ್ತಿ ಹಕ್ಕು, ಅದರ ಹಿಂದುಮುಂದಿನ 2028 ಮತ್ತು 2030ರವು ಅದಲುಬದಲು. 2025ರ ಏಪ್ರಿಲ್‌ನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದ ಲಿಲ್ಲಾರ್ಡ್ ಅವರನ್ನು ಮಿಲ್ವಾಕೀ ಆ ಜುಲೈನಲ್ಲಿ ಒಪ್ಪಂದದಿಂದ ಬಿಟ್ಟುಬಿಟ್ಟಿತು, ಮತ್ತು ಅದೇ ತಿಂಗಳು ಅವರು ಪೋರ್ಟ್‌ಲ್ಯಾಂಡ್‌ಗೇ ಮರಳಿ ಸಹಿ ಹಾಕಿದರು. ಅವರನ್ನು ಕಳುಹಿಸಿ ಪಡೆದ 2028ರ ಹಕ್ಕಿನ ಡ್ರಾಫ್ಟ್‌ಗೆ ಆಗ ಇನ್ನೂ ಮೂರು ವರ್ಷ ಬಾಕಿಯಿತ್ತು.