24 ಗಂಟೆಯ ಲೆಕ್ಕ

ಕಳೆದ ಬೇಸಿಗೆಯಲ್ಲಿ ಜೇವರ್ಗಿ ಕಡೆಯ ಒಬ್ಬ ತಾಯಿ ಕಲಬುರಗಿಯ ನನ್ನ ವಕೀಲಿ ಆಫೀಸಿಗೆ ಬಂದಿದ್ದರು. ಕೈಯಲ್ಲಿ ರೊಟ್ಟಿ ಗಂಟು. "ಮಗನ್ನ ಮೊನ್ನಿ ಸಂಜಿಗಿ ಕರ್ಕೊಂಡ್ ಹೋಗ್ಯಾರ್ರಿ ಸಾಹೇಬ್ರ, ಇನ್ನಾ ಬಿಟ್ಟಿಲ್ರಿ." ಎಷ್ಟು ಗಂಟೆಗೆ ಅಂತ ಕೇಳಿದೆ. "ಎತ್ತಿಗಿ ಮೇವು ಹಾಕೋ ಹೊತ್ತಿಗ್ರಿ." ಸಂಜೆ ಆರು ಎಂದು ಬರೆದುಕೊಂಡೆ. ಠಾಣೆಯ ಕಾಗದದಲ್ಲಿ ದಸ್ತಗಿರಿಯ ಸಮಯ ಮರುದಿನ ಮಧ್ಯಾಹ್ನ ಎಂದಿತ್ತು.

ಹಿಡಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು. ಪ್ರಯಾಣದ ಸಮಯ ಬೇರೆ. ಇದು ನಮ್ಮ ಸಂವಿಧಾನದ 22ನೇ ವಿಧಿ.

ಬೇರೆ ದೇಶಗಳಲ್ಲಿ ಹೇಗೆ ಅಂತ ನನ್ನ ಜೂನಿಯರ್‌ಗಳು ಕೇಳುತ್ತಿರುತ್ತಾರೆ. ಅಮೆರಿಕದ ಸಂವಿಧಾನದಲ್ಲಿ ಗಂಟೆಯ ಲೆಕ್ಕವೇ ಇಲ್ಲ. ವಾರಂಟ್ ಇಲ್ಲದೆ ಹಿಡಿದರೆ ಸಾಮಾನ್ಯವಾಗಿ 48 ಗಂಟೆಯೊಳಗೆ ನ್ಯಾಯಾಧೀಶರು ಕಾರಣ ಪರಿಶೀಲಿಸಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಇಂಗ್ಲೆಂಡಿನಲ್ಲಿ 1984ರ ಕಾಯ್ದೆಯಂತೆ ಆರೋಪ ಹೊರಿಸದೆ ಇಟ್ಟುಕೊಳ್ಳಲು 24 ಗಂಟೆ. ಗಂಭೀರ ಪ್ರಕರಣದಲ್ಲಿ ಕೋರ್ಟ್ ಒಪ್ಪಿದರೆ 96 ಗಂಟೆವರೆಗೆ. ಪಾರ್ಲಿಮೆಂಟ್ ಮನಸ್ಸು ಮಾಡಿದರೆ ಅದನ್ನು ನಾಳೆಯೇ ಬದಲಿಸಬಹುದು. ಹಿಟ್ಲರ್ ಕಾಲದಲ್ಲಿ ಪೆಟ್ಟು ತಿಂದ ಜರ್ಮನಿ 1949ರ ತನ್ನ ಮೂಲ ಕಾನೂನಿನಲ್ಲೇ, ಅಂದರೆ ಸಂವಿಧಾನದಲ್ಲೇ, ಬರೆದುಕೊಂಡಿತು: ಪೊಲೀಸರು ತಾವಾಗಿಯೇ ಇಟ್ಟುಕೊಳ್ಳಬಹುದಾದದ್ದು ಹಿಡಿದ ಮರುದಿನ ಮುಗಿಯುವವರೆಗೆ ಮಾತ್ರ.

ನಮ್ಮದೇ ಬಿಗಿ ಅನ್ನಿಸುತ್ತದೆ, ಅಲ್ವಾ? ಆದರೆ ಅದೇ 22ನೇ ವಿಧಿಯನ್ನು ಕೆಳಗೆ ಓದುತ್ತಾ ಹೋಗಿ. ಮುಂಜಾಗ್ರತಾ ಬಂಧನಕ್ಕೆ ಈ ಲೆಕ್ಕ ಇಲ್ಲ. ತಪ್ಪು ಮಾಡಿದ್ದಕ್ಕಲ್ಲ, ಮುಂದೆ ಮಾಡಬಹುದು ಅಂತ ಒಬ್ಬರನ್ನು, ಬಂಧನಕ್ಕೆ ಸಾಕಷ್ಟು ಕಾರಣ ಇದೆಯೇ ಎಂದು ನೋಡುವ ಸಲಹಾ ಮಂಡಳಿಯ ಅಭಿಪ್ರಾಯವೂ ಇಲ್ಲದೆ ಮೂರು ತಿಂಗಳು ಒಳಗಿಡಬಹುದು. ಯುದ್ಧ ಬೇಕಿಲ್ಲ, ತುರ್ತು ಪರಿಸ್ಥಿತಿಯೂ ಬೇಕಿಲ್ಲ. ಇದನ್ನು ಬರೆದಿರುವುದು ಮೂಲಭೂತ ಹಕ್ಕುಗಳ ಭಾಗದಲ್ಲೇ.

ತುರ್ತು ಪರಿಸ್ಥಿತಿಯ ಕಷ್ಟ ಕಂಡ ಸಂಸತ್ತು 1978ರ 44ನೇ ತಿದ್ದುಪಡಿಯಲ್ಲಿ ಇದನ್ನು ಎರಡು ತಿಂಗಳಿಗೆ ಇಳಿಸಿತು. ಮಂಡಳಿಯ ಅಧ್ಯಕ್ಷರು ಹಾಲಿ ಹೈಕೋರ್ಟ್ ನ್ಯಾಯಾಧೀಶರೇ ಆಗಿರಬೇಕು ಎಂದಿತು. ತಿದ್ದುಪಡಿ ಪಾಸಾಯಿತು. ಆದರೆ ಆ ಒಂದು ಕಲಮು ಜಾರಿಗೆ ಬರುವ ದಿನಾಂಕವನ್ನು ಇವತ್ತಿನವರೆಗೂ ಯಾವ ಸರ್ಕಾರವೂ ಪ್ರಕಟಿಸಿಲ್ಲ. ಎಷ್ಟು ಪಕ್ಷಗಳು ಬಂದು ಹೋದವು! ಇಷ್ಟು ವರ್ಷ ವಕೀಲಿಕೆ ಮಾಡಿದರೂ ಇದು ನನಗೆ ಸಂಕಟ ಕೊಡುತ್ತದೆ. ಸಂಸತ್ತು ಕೊಟ್ಟಿದ್ದನ್ನು ಸರ್ಕಾರ ಸುಮ್ನೆ ಕೂತು ತಡೆಹಿಡಿಯಬಹುದು ಅಂತಾದರೆ ಜನ ಯಾರನ್ನು ಕೇಳಬೇಕು?

ಆ ತಾಯಿಯ ಮಗನದು ಮಾಮೂಲಿ ಕೇಸು, ಮುಂಜಾಗ್ರತಾ ಬಂಧನಕ್ಕೆ ಬಳಸುವ ಗೂಂಡಾ ಕಾಯ್ದೆಯದಲ್ಲ. ಹಾಗಾಗಿ 24 ಗಂಟೆ ಹಿಡಿದು ವಾದಿಸಲು ದಾರಿ ಇತ್ತು. ಎಷ್ಟು ಹೊತ್ತಿಗೆ ಕರೆದೊಯ್ದರು ಅಂತ ಮ್ಯಾಜಿಸ್ಟ್ರೇಟ್ ಹುಡುಗನನ್ನೇ ಕೇಳಿದರು. ಅವನೂ ಎತ್ತಿಗೆ ಮೇವು ಹಾಕುತ್ತಿದ್ದೆ ಎಂದ. ಆ ಮಾತನ್ನು ಅವರು ಹಾಗೇ ಬರೆಸಿದರು.