ಕೊಬ್ಬು ಕತ್ತರಿಸುವ ದಾಯಾದಿಗಳು

ತೆಂಗಿನೆಣ್ಣೆ ಕುಡಿದ ಕೂಡಲೇ ಶಕ್ತಿಯಾಗುತ್ತದೆ, ಮೈಗೆ ಕೊಬ್ಬಾಗಿ ಹತ್ತುವುದೇ ಇಲ್ಲ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಲೇ ಇದೆ. ಬೇಗ ಉರಿಯುವ ಗುಣ ಇರುವುದು 8 ಮತ್ತು 10 ಇಂಗಾಲದ ಮೇದಾಮ್ಲಗಳಿಗೆ (ಮೇದಾಮ್ಲವೆಂದರೆ ಕೊಬ್ಬಿನ ಘಟಕವಾದ ಇಂಗಾಲದ ಸರಪಳಿ). ತೆಂಗಿನೆಣ್ಣೆಯಲ್ಲಿ ಅವೆರಡೂ ಸೇರಿ ಶೇ 15ರ ಆಸುಪಾಸು. ಹೆಚ್ಚುಕಡಿಮೆ ಅರ್ಧ ಭಾಗ 12 ಇಂಗಾಲದ ಲಾರಿಕ್ ಆಮ್ಲ. ಅದರ ಬಹುಪಾಲು ನೇರ ಯಕೃತ್ತಿಗೆ ಹೋಗದೆ, ಬೇರೆಲ್ಲ ಎಣ್ಣೆಗಳಂತೆ ದುಗ್ಧನಾಳದ ದಾರಿಯನ್ನೇ ಹಿಡಿಯುತ್ತದೆ. 8 ಮತ್ತು 10ರವನ್ನಷ್ಟೇ ಬೇರ್ಪಡಿಸಿ ಮಾಡಿದ್ದು ಎಂಸಿಟಿ ಎಣ್ಣೆ. ಮೇದಾಮ್ಲ ಕತ್ತರಿಸುವ ಕಿಣ್ವಗಳದ್ದೊಂದು ದಾಯಾದಿ ಕುಟುಂಬವಿದೆ: ಉದ್ದ ಸರಪಳಿಗೆ ವಿಎಲ್‌ಕ್ಯಾಡ್, ಮಧ್ಯಮದ್ದಕ್ಕೆ ಎಂಕ್ಯಾಡ್, ಗಿಡ್ಡದ್ದಕ್ಕೆ ಎಸ್‌ಕ್ಯಾಡ್. ಎಂಸಿಟಿ ಎಣ್ಣೆ ವಿಎಲ್‌ಕ್ಯಾಡ್ ಕೊರತೆಯಿರುವ ಮಗುವಿಗೆ ಪಥ್ಯ, ಎಂಕ್ಯಾಡ್ ಕೊರತೆಯಿರುವ ಮಗುವಿಗೆ ಅಪಾಯ.

ದೇಹ ಮೇದಾಮ್ಲವನ್ನು ಎರಡೆರಡು ಇಂಗಾಲವಾಗಿ ತುಂಡರಿಸುತ್ತದೆಂದು ಜರ್ಮನಿಯ ಫ್ರಾನ್ಸ್ ನೂಪ್ 1904ರಲ್ಲೇ ತೋರಿಸಿದ. ಸರಪಳಿಯ ತುದಿಗೆ, ದೇಹಕ್ಕೆ ಒಡೆಯಲಾಗದ ಬೆಂಜೀನ್ ಉಂಗುರ ಕಟ್ಟಿ ನಾಯಿಗಳಿಗೆ ತಿನ್ನಿಸಿದ. ಬೆಸ ಸಂಖ್ಯೆಯ ಸರಪಳಿ ಮೂತ್ರದಲ್ಲಿ ಹಿಪ್ಪುರಿಕ್ ಆಮ್ಲವಾಗಿ ಬಂತು, ಸಮ ಸಂಖ್ಯೆಯದು ಫಿನೈಲ್‌ಅಸೆಟ್ಯೂರಿಕ್ ಆಮ್ಲವಾಗಿ. ಒಂದೊಂದೇ ಇಂಗಾಲ ಕತ್ತರಿಸಿದ್ದರೆ ಎರಡರಲ್ಲೂ ಒಂದೇ ಆಮ್ಲ ಬರಬೇಕಿತ್ತು. ಕಿಣ್ವಗಳೆಂದರೇನೆಂದೇ ಸ್ಪಷ್ಟವಿಲ್ಲದ ಕಾಲದಲ್ಲಿ ಇಷ್ಟು ಅಚ್ಚುಕಟ್ಟಾದ ಪ್ರಯೋಗ!

ಎರಡು ಇಂಗಾಲ ಕತ್ತರಿಸುವ ಪ್ರತಿ ಸುತ್ತಿನ ಮೊದಲ ಹೆಜ್ಜೆ, ಸರಪಳಿಯ ಆಮ್ಲದ ತುದಿಗೆ ಅಂಟಿಕೊಂಡಿರುವ ಆಲ್ಫಾ ಮತ್ತು ಅದರಾಚೆಯ ಬೀಟಾ ಇಂಗಾಲಗಳಿಂದ ಒಂದೊಂದು ಹೈಡ್ರೋಜನ್ ಕೀಳುವುದು. ದಾಯಾದಿ ಕಿಣ್ವಗಳೆಲ್ಲ ಇದನ್ನು ಒಂದೇ ರೀತಿ ಮಾಡುತ್ತವೆ: ಕಿಣ್ವದ ಒಂದು ಅಮೈನೋ ಆಮ್ಲ, ಗ್ಲುಟಮೇಟ್, ಆಲ್ಫಾದಿಂದ ಪ್ರೋಟಾನ್ ಎಳೆಯುತ್ತದೆ, ಬೀಟಾದ ಹೈಡ್ರೈಡ್ (ಎರಡು ಎಲೆಕ್ಟ್ರಾನ್ ಹೊತ್ತ ಹೈಡ್ರೋಜನ್) ಕಿಣ್ವದ ಸಹಾಯಕ ಅಣುವಾದ ಎಫ್‌ಎಡಿಗೆ ಹಾರುತ್ತದೆ. ವ್ಯತ್ಯಾಸವಿರುವುದು ಸರಪಳಿ ಇಳಿಯುವ ಕುಳಿಯ ಆಳದಲ್ಲಿ. ಕತ್ತಿ ಮತ್ತು ಒರೆ ಎಂದುಕೊಳ್ಳಿ. ಒರೆ ಗಿಡ್ಡವಾದರೆ ಕತ್ತಿ ಪೂರ್ತಿ ಇಳಿಯದು. ಆಗ ಹಿಡಿಯ ಪಕ್ಕದಲ್ಲೇ ಇರುವ ಆಲ್ಫಾ-ಬೀಟಾ ಜೋಡಿ ಎಫ್‌ಎಡಿಯ ಎದುರಿಗೆ ಬಂದು ಕೂರುವುದಿಲ್ಲ, ಕೆಲಸವೂ ನಡೆಯುವುದಿಲ್ಲ.

16 ಇಂಗಾಲದ ಪಾಮಿಟಿಕ್ ಆಮ್ಲಕ್ಕೆ ಒಟ್ಟು 7 ಸುತ್ತು. ಮೊದಲ ಸುತ್ತುಗಳು ಮೈಟೋಕಾಂಡ್ರಿಯದ ಒಳಪೊರೆಗೆ ಅಂಟಿ ಕೂತ ವಿಎಲ್‌ಕ್ಯಾಡ್‌ನವು. 12ರಿಂದ 6ರವರೆಗೆ ಎಂಕ್ಯಾಡ್, ಕೊನೆಗೆ ಎಸ್‌ಕ್ಯಾಡ್. ಅಂಚುಗಳಲ್ಲಿ ಒಂದರ ಕೆಲಸವನ್ನು ಇನ್ನೊಂದು ಅಷ್ಟಿಷ್ಟು ಮಾಡೀತು. ಆದರೆ 8ರ ಬಳಿ ಎಂಕ್ಯಾಡ್ ಬಿಟ್ಟರೆ ಹೆಚ್ಚು ಆಸರೆಯಿಲ್ಲ. ಹಾಗಾಗಿ ಅದು ಕೆಟ್ಟವರ ರಕ್ತದಲ್ಲಿ 8 ಇಂಗಾಲದ ಸರಪಳಿ ಕಾರ್ನಿಟಿನ್ ಎಂಬ ಅಣುವಿಗೆ ಅಂಟಿದ ಆಕ್ಟನಾಯ್ಲ್‌ಕಾರ್ನಿಟಿನ್ ಏರುತ್ತದೆ. ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಬೊಟ್ಟಿನಲ್ಲಿ ಹುಡುಕುವುದು ಇದನ್ನೇ.

ಉತ್ತರ ಯುರೋಪಿನ ಮೂಲದವರಲ್ಲಿ ಹೆಚ್ಚಾಗಿ ಕಾಣುವ ಎಂಕ್ಯಾಡ್ ದೋಷ ಒಂದೇ ಅಕ್ಷರದ್ದು: ಜೀನಿನ 985ನೇ ಸ್ಥಾನದಲ್ಲಿ 'ಎ' ಇರಬೇಕಾದಲ್ಲಿ 'ಜಿ'. ಅಷ್ಟಕ್ಕೇ ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ, ನಾಲ್ಕು ಪ್ರತಿಗಳು ಸೇರಿ ಆಗಬೇಕಾದ ಕಿಣ್ವದ ಕೂಟ ನಿಲ್ಲದೆ ಹೋಗುತ್ತದೆ. ಉಂಡು ಆಡುವ ಮಗು ಆರೋಗ್ಯವಾಗಿಯೇ ಇರುತ್ತದೆ. ಜ್ವರ, ವಾಂತಿ ಬಂದು ಊಟ ತಪ್ಪಿತೋ, ಯಕೃತ್ತಿನ ಗ್ಲೈಕೋಜನ್ ಮುಗಿದು, ಕೊಬ್ಬೂ ಉರಿಯದೆ, ಸಕ್ಕರೆ ಕುಸಿಯುತ್ತದೆ. ಆಗ ಏರಬೇಕಾದ ಕೀಟೋನ್ (ಕೊಬ್ಬಿನಿಂದ ಯಕೃತ್ತು ಮಾಡುವ ಬದಲಿ ಇಂಧನ) ಏರುವುದಿಲ್ಲ. ಮಂಕಾದ ಮಗುವಿಗೆ ದೃಷ್ಟಿ ತೆಗೆಯುತ್ತ ಕೂರುವ ಹೊತ್ತಲ್ಲ ಅದು. ಗ್ಲುಕೋಮೀಟರ್ ಸರಿ ತೋರಿಸುತ್ತಿದೆಯೆಂದು ಕಾಯುವುದೂ ತಪ್ಪು, ಏಕೆಂದರೆ ಮಂಪರು ಸಕ್ಕರೆ ಇಳಿಯುವ ಮೊದಲೇ ಬರಬಹುದು. ಬೇಕಾದದ್ದು ಆಸ್ಪತ್ರೆ, ರಕ್ತನಾಳದ ಮೂಲಕ ಶೇ 10ರ ಡೆಕ್ಸ್‌ಟ್ರೋಸ್ (ಗ್ಲುಕೋಸ್ ದ್ರಾವಣ).

ವಿಎಲ್‌ಕ್ಯಾಡ್ ಕೊರತೆ ಹೃದಯ, ಸ್ನಾಯುಗಳನ್ನೂ ಕಾಡುತ್ತದೆ. ಸ್ನಾಯು ಕರಗಿ ಮೂತ್ರ ಕೋಲಾ ಬಣ್ಣಕ್ಕೆ ತಿರುಗುವುದುಂಟು. ಎಸ್‌ಕ್ಯಾಡ್ ಕೊರತೆಯ ಬಹುಪಾಲು ಮಂದಿಗೆ ಏನೂ ಆಗುವುದಿಲ್ಲ. ಕುಟುಂಬದ ವಿಚಿತ್ರ ಸದಸ್ಯ ಎಕ್ಯಾಡ್9. ರಚನೆಯಲ್ಲಿ ವಿಎಲ್‌ಕ್ಯಾಡ್‌ನ ಹತ್ತಿರದ ನೆಂಟ, ಆದರೆ ಮುಖ್ಯ ಉದ್ಯೋಗ ಮೈಟೋಕಾಂಡ್ರಿಯದಲ್ಲಿ ಶಕ್ತಿ ತಯಾರಿಸುವ ಉಸಿರಾಟ ಸರಣಿಯ ಮೊದಲ ಸಂಕೀರ್ಣವನ್ನು ಜೋಡಿಸುವುದು. ಅದು ಕೆಟ್ಟ ಕೆಲವು ಮಕ್ಕಳು, ಎಫ್‌ಎಡಿಗೆ ಮೂಲವಾದ ರೈಬೊಫ್ಲೇವಿನ್ ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ.